ಹುಬ್ಬಳ್ಳಿಯನ್ನು ಪ್ಲೇಗಿನಿಂದ ಕಾಯ್ದ ಹಾಫ್ಕಿನ್ ಮಹಾಶಯರು

ಕಾಶಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಭೇಲೂಪುರದ ಜಲಕಲ್ಲಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಭದೈನಿಯಲ್ಲಿ ಗಂಗೆಯಿಂದ ಎತ್ತಿದ ನೀರನ್ನು ಇಲ್ಲಿಗೆ ತಂದು, ಮರಳಿನ ಹಾಸುಗಳಲ್ಲಿ ಸೋಸಿ ಊರಿಗೆ ಹಂಚುವ ಏರ್ಪಾಡು ಆರಂಭವಾದದ್ದು 1892ರಲ್ಲಿ. ಗಂಗೋದಕವನ್ನೂ ಸೋಸಬೇಕೆ ಎಂಬ ಸಂಶಯ ಭಕ್ತರಿಗೆ ಬಂದರೆ ಅದು ಸಹಜವೇ. ಆ ಸಂಶಯಕ್ಕೆ ಉತ್ತರ ಅದೇ ವರ್ಷ ದೂರದ ಜರ್ಮನಿಯಲ್ಲಿ ದೊರೆಯಿತು. ಅಲ್ಲಿ ಹ್ಯಾಂಬರ್ಗ್ ಮತ್ತು ಆಲ್ಟೋನಾ ಒಂದಕ್ಕೊಂದು ಅಂಟಿಕೊಂಡ ಎರಡು ಊರುಗಳು. ಎರಡೂ ಎಲ್ಬ್ ನದಿಯ ನೀರನ್ನೇ ಕುಡಿಯುತ್ತಿದ್ದವು. ಸೋಸದೆ ಕುಡಿದ ಹ್ಯಾಂಬರ್ಗಿನಲ್ಲಿ ಕಾಲರಾ ಬೇನೆಗೆ 8,000ಕ್ಕೂ ಹೆಚ್ಚು ಜನ ಬಲಿಯಾದರು. ಮರಳಿನಲ್ಲಿ ಸೋಸಿ ಕುಡಿದ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ನದಿ ಒಂದೇ, ಹವೆ ಒಂದೇ. ಎದ್ದು ಕಾಣುವ ಭೇದ ಸೋಸುವುದೊಂದೇ. ಉಳಿದುದೆಲ್ಲ ಸರಿಸಮನಾಗಿದ್ದು ಒಂದೇ ಸಂಗತಿ ಬೇರೆಯಾದಾಗ ಸಾಕ್ಷ್ಯಕ್ಕೆ ಬಲ ಬರುತ್ತದೆ.

ಇಂಥ ಹೋಲಿಕೆ ತಾನಾಗಿ ಒದಗಲೆಂದು ಕಾದು ಕೂರದೆ, ಅದನ್ನು ತಾವೇ ಏರ್ಪಡಿಸಿದ ಮಹನೀಯರು ವಾಲ್ಡೆಮಾರ್ ಹಾಫ್ಕಿನ್. ಕನ್ನಡ ನಾಡಿಗೆ, ಅದರಲ್ಲೂ ಹುಬ್ಬಳ್ಳಿಗೆ, ಅವರ ಋಣ ದೊಡ್ಡದು.

ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದ ಯಹೂದಿ ಮನೆತನದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೆಚ್ನಿಕಾಫ್ ಅವರ ಶಿಷ್ಯರಾಗಿ ಜೀವಶಾಸ್ತ್ರ ಕಲಿತರು. ಯಹೂದಿಗಳಿಗೆ ಅಂದಿನ ರಷ್ಯಾದಲ್ಲಿ ಏಳಿಗೆಯ ದಾರಿಗಳು ಮುಚ್ಚಿದ್ದವು. ಜಿನೀವಾದ ಮೂಲಕ 1889ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದಾಗ ಅವರಿಗೆ ದೊರೆತದ್ದು ಗ್ರಂಥಾಲಯದ ಸಹಾಯಕನ ಕೆಲಸ. ಬಿಡುವಿನ ವೇಳೆಯಲ್ಲಿ ಪ್ರಯೋಗಶಾಲೆಯಲ್ಲಿ ದುಡಿದು ಕಾಲರಾಕ್ಕೆ ಲಸಿಕೆ ಸಿದ್ಧಪಡಿಸಿದರು. 1892ರ ಜುಲೈ 18ರಂದು ಅದನ್ನು ಮೊದಲು ಚುಚ್ಚಿಕೊಂಡದ್ದು ತಮ್ಮ ಮೈಗೇ.

ತಾನು ಬದುಕಿ ಉಳಿದದ್ದರಿಂದ ಮದ್ದು ವಿಷವಲ್ಲವೆಂದು ತಿಳಿಯಬಹುದೇ ಹೊರತು ಅದು ರೋಗವನ್ನು ತಡೆಯುತ್ತದೆಂದು ತಿಳಿಯಲಾಗದು. ಅದನ್ನು ಕಾಲರಾ ಬೀಡುಬಿಟ್ಟ ನೆಲದಲ್ಲೇ ಒರೆಗೆ ಹಚ್ಚಬೇಕು. ಹೀಗಾಗಿ 1893ರಲ್ಲಿ ಅವರು ಭಾರತಕ್ಕೆ ಬಂದರು. ಆಗ್ರಾದಲ್ಲಿ ಕೆಲಸ ಆರಂಭಿಸಿ ಎರಡು ವರ್ಷಗಳಲ್ಲಿ ಸುಮಾರು 42,000 ಜನರಿಗೆ ಚುಚ್ಚುಮದ್ದು ಹಾಕಿದರು. ಕಾಶಿಯಾತ್ರೆಯೊಡನೆ ನಾವೆಲ್ಲ ನೆನೆಯುವ ಗಯೆಯ ಸೆರೆಮನೆಯಲ್ಲಿ 1894ರಲ್ಲಿ ಕಾಲರಾ ಹಬ್ಬಿದಾಗ ಕೈದಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮದ್ದು ಹಾಕಲಾಯಿತು. ಹಾಕಿಸಿಕೊಂಡ 207 ಮಂದಿಯಲ್ಲಿ 8 ಜನರಿಗೆ ರೋಗ ತಗಲಿ 5 ಮಂದಿ ಸತ್ತರು. ಹಾಕಿಸಿಕೊಳ್ಳದ 202 ಮಂದಿಯಲ್ಲಿ 20 ಜನರಿಗೆ ತಗಲಿ 10 ಮಂದಿ ಸತ್ತರು. ಗುಣವುಂಟು, ಆದರೆ ಪೂರ್ಣ ರಕ್ಷಣೆಯಿಲ್ಲ. ಈ ಲೆಕ್ಕವನ್ನು ಅವರು ಬಚ್ಚಿಡಲಿಲ್ಲ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಸರಕಾರ ಹಾಫ್ಕಿನ್‌ರನ್ನು ಅಲ್ಲಿಗೆ ಕಳುಹಿಸಿತು. ಮೂರು ತಿಂಗಳಲ್ಲಿ ಲಸಿಕೆ ಸಿದ್ಧವಾಗಿ, 1897ರ ಜನವರಿ 10ರಂದು ಮತ್ತೆ ತಮ್ಮ ಮೈಗೇ ಚುಚ್ಚಿಕೊಂಡರು. ಅದೇ ತಿಂಗಳ ಕೊನೆಗೆ ಬೈಕಲಾ ಸೆರೆಮನೆಯಲ್ಲಿ ತಾವಾಗಿ ಮುಂದೆ ಬಂದ ಸುಮಾರು 150 ಕೈದಿಗಳಿಗೆ ಮದ್ದು ಹಾಕಿದರು. ಅವರಲ್ಲಿ 2 ಜನರಿಗೆ ಪ್ಲೇಗು ತಗಲಿತು, ಯಾರೂ ಸಾಯಲಿಲ್ಲ. ಉಳಿದ ಸುಮಾರು 170 ಮಂದಿಯಲ್ಲಿ 12 ಜನರಿಗೆ ತಗಲಿ 6 ಮಂದಿ ಸತ್ತರು.

ಆದರೆ ತಾವಾಗಿ ಮುಂದೆ ಬಂದವರು ಮೊದಲೇ ಗಟ್ಟಿಮುಟ್ಟಾಗಿದ್ದವರು ಏಕಾಗಿರಬಾರದು? ಈ ಆಕ್ಷೇಪಣೆಗೆ ಎಡೆಯಿರಬಾರದೆಂದು 1898ರ ಜನವರಿ 1ರಂದು ಉಮರಖಾಡಿ ಸೆರೆಮನೆಯಲ್ಲಿ ಕೈದಿಗಳನ್ನು ಸಾಲಾಗಿ ಕೂರಿಸಿ, ಒಬ್ಬನನ್ನು ಬಿಟ್ಟು ಒಬ್ಬನಿಗೆ ಮದ್ದು ಹಾಕಿದರು. ಮುಂದಿನ ತಿಂಗಳು ಬರೋಡೆಯ ಬಳಿಯ ಉಂಢೇರಾ ಗ್ರಾಮದಲ್ಲಿ ಪ್ರತಿ ಮನೆಯಲ್ಲೂ ಅರ್ಧ ಜನರಿಗೆ ಹಾಕಿ ಅರ್ಧ ಜನರನ್ನು ಬಿಟ್ಟರು. ಪ್ಲೇಗು ಹೊಕ್ಕ ಮನೆಗಳಲ್ಲಿ ಮದ್ದು ಹಾಕಿಸಿಕೊಂಡಿದ್ದ 71 ಮಂದಿಯಲ್ಲಿ ಸತ್ತವರು 3. ಹಾಕಿಸಿಕೊಳ್ಳದಿದ್ದ 64 ಮಂದಿಯಲ್ಲಿ ಸತ್ತವರು 26. ಒಂದೇ ಸೂರಿನಡಿ ಒಂದೇ ಒಲೆಯ ಅಡಿಗೆ ಉಂಡವರ ನಡುವಣ ಈ ಅಂತರವನ್ನು ಅದೃಷ್ಟವೆಂದು ತಳ್ಳಿಹಾಕುವುದು ಕಷ್ಟ. ಇಷ್ಟು ಖಚಿತವಾದ ಅರಿವಿಗೆ ತೆತ್ತ ಬೆಲೆ ಆ 26 ಜೀವಗಳೆಂಬುದನ್ನೂ ನಾವು ಮರೆಯಬಾರದು.

ಆ ವರ್ಷವೇ ನಮ್ಮ ಹುಬ್ಬಳ್ಳಿಯ ಸರದಿ ಬಂದಿತು. ಸುಮಾರು 50,000 ಜನರ ಆ ವ್ಯಾಪಾರದ ಊರಿನಲ್ಲಿ ಲ್ಯೂಮನ್ ಎಂಬ ಸೇನಾ ವೈದ್ಯರು ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಸುಮಾರು 38,000 ಮಂದಿಗೆ ಹಾಫ್ಕಿನ್ ಲಸಿಕೆ ಹಾಕಿದರು. ಬಹುಮಂದಿ ಎರಡೆರಡು ಸಲ ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಯಿತು.

ಆದರೂ ಪ್ರೊಫೆಸರ್ ಫ್ರೇಸರರ ಅಧ್ಯಕ್ಷತೆಯ ಭಾರತ ಪ್ಲೇಗು ಆಯೋಗ ಈ ಲೆಕ್ಕಗಳನ್ನು ಹಾಗೆಯೇ ಒಪ್ಪಲಿಲ್ಲ. ಪ್ಲೇಗು ಬಂದಾಗ ಊರು ಬಿಡುವವರು ಬಿಡುತ್ತಾರೆ, ಮರಳುವವರು ಮರಳುತ್ತಾರೆ. ಮದ್ದು ಹಾಕಿಸಿಕೊಳ್ಳದೆ ಊರಲ್ಲಿ ಉಳಿದವರು ಎಷ್ಟೆಂದು ಸರಿಯಾಗಿ ಎಣಿಸುವುದು ಹೇಗೆ? ಆ ಸಂಖ್ಯೆ ತಪ್ಪಿದರೆ ಸಾವಿನ ಪ್ರಮಾಣವೂ ತಪ್ಪುತ್ತದೆ. ಇಂಥ ಕೊರತೆಗಳನ್ನೆಲ್ಲ ಕಳೆದು ನೋಡಿದ ಮೇಲೂ, ಲಸಿಕೆಯಿಂದ ರೋಗವೂ ಸಾವೂ ಗಣನೀಯವಾಗಿ ತಗ್ಗುತ್ತವೆ, ಆದರೆ ರಕ್ಷಣೆ ಪರಿಪೂರ್ಣವಲ್ಲ ಎಂದು ಆಯೋಗ ತೀರ್ಮಾನಿಸಿತು. ಸೆರೆಮನೆಯ ಲೆಕ್ಕ ಚಿಕ್ಕದು, ಆದರೆ ಚೊಕ್ಕ; ಹುಬ್ಬಳ್ಳಿಯ ಲೆಕ್ಕ ದೊಡ್ಡದು, ಆದರೆ ತುಸು ಮಸುಕು. ಎರಡೂ ಒಂದೇ ಮಾತನ್ನು ಹೇಳಿದ್ದರಿಂದ ನಂಬಿಕೆ ಬಲವಾಯಿತು.

ಇಷ್ಟು ನಿಷ್ಠೆಯಿಂದ ಸಾಕ್ಷ್ಯ ಕೂಡಿಸಿದವರಿಗೇ ನ್ಯಾಯದ ತಕ್ಕಡಿ ಒಮ್ಮೆ ವಾಲಿತು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಹಾಕಿಸಿಕೊಂಡ 107 ಜನರ ಪೈಕಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪು ಪ್ರಯೋಗಶಾಲೆಯದೆಂದು ಬಗೆದು ಸರಕಾರ ಹಾಫ್ಕಿನ್‌ರನ್ನು ಅಧಿಕಾರದಿಂದ ದೂರವಿಟ್ಟಿತು. ಆದರೆ ಸತ್ತ 19 ಮಂದಿಗೂ ಹಾಕಿದ್ದು ಒಂದೇ ಸೀಸೆಯ ಮದ್ದು. ಉಳಿದ ಸೀಸೆಗಳಿಂದ ಹಾಕಿಸಿಕೊಂಡ 88 ಮಂದಿಗೆ ಏನೂ ಆಗಿರಲಿಲ್ಲ. ಆ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಲಾಗಿತ್ತು. ರೊನಾಲ್ಡ್ ರಾಸ್ ಮೊದಲಾದ ಹತ್ತು ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಈ ಸಾಕ್ಷ್ಯವನ್ನು ಎತ್ತಿಹಿಡಿದರು. ಆ ವರ್ಷದ ಕೊನೆಯಲ್ಲಿ ಕಳಂಕ ತೊಳೆಯಿತು. ಆದರೆ ಐದು ವರ್ಷ ಕಳೆದುಹೋಗಿದ್ದವು. ಕಲ್ಕತ್ತೆಗೆ ಮರಳಿದ ಅವರಿಗೆ ಹಿಂದಿನ ಕಾರ್ಯಕ್ಷೇತ್ರ ಮತ್ತೆ ದೊರೆಯಲಿಲ್ಲ. 1925ರಲ್ಲಿ ಮುಂಬಯಿಯ ಪರೇಲಿನ ಅವರ ಪ್ರಯೋಗಶಾಲೆಗೆ ಹಾಫ್ಕಿನ್ ಸಂಸ್ಥೆಯೆಂದು ಹೆಸರಿಟ್ಟರು. 1930ರ ಅಕ್ಟೋಬರಿನಲ್ಲಿ ಅವರು ಸ್ವಿಟ್ಜರ್ಲೆಂಡಿನ ಲೊಸಾನಿನಲ್ಲಿ ತೀರಿಕೊಂಡರು.

ಅವರು ತೋರಿದ ಅಳತೆಗೋಲು ಮಾತ್ರ ಸವೆಯಲಿಲ್ಲ. ಯಾತ್ರೆಗೆ ಹೊರಡುವ ಮುನ್ನ ನಮ್ಮ ಹಿರಿಯರು ಹಾಕಿಸಿಕೊಳ್ಳುತ್ತಿದ್ದ ಕಾಲರಾ ಚುಚ್ಚುಮದ್ದನ್ನೇ ಮುಂದೆ ಇನ್ನೂ ಬಿಗಿಯಾಗಿ ಪರೀಕ್ಷಿಸಿದಾಗ ಅದರ ರಕ್ಷಣೆ ಅಲ್ಪಕಾಲದ್ದೆಂದು ಕಂಡಿತು. 1973ರಲ್ಲಿ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಿಂದ ಅದರ ಕಡ್ಡಾಯವನ್ನು ತೆಗೆದುಹಾಕಿದರು. ಬಾಯಿಯ ಮೂಲಕ ಕುಡಿಸುವ ಹೊಸ ಲಸಿಕೆಯ ದೊಡ್ಡ ಪರೀಕ್ಷೆ 2006ರಲ್ಲಿ ಆರಂಭವಾದದ್ದು ಹಾಫ್ಕಿನ್ ನಡೆದಾಡಿದ ಅದೇ ಕಲ್ಕತ್ತೆಯ ಬಸ್ತಿಗಳಲ್ಲಿ. ಐದು ವರ್ಷಗಳ ಲೆಕ್ಕದಲ್ಲಿ ಅದು ನೂರಕ್ಕೆ 65ರಷ್ಟು ರಕ್ಷಣೆ ಕೊಟ್ಟಿತು.

ಊರು ಬಿಟ್ಟು ಬಂದ ನಮಗೆ ಮದ್ದಿನ ವಿಚಾರದಲ್ಲಿ ಸಲಹೆ ಕೊಡುವವರು ಎಲ್ಲೆಡೆಯೂ ಇದ್ದಾರೆ. ಯಾವ ಮಾತನ್ನೇ ಕೇಳಲಿ, ಹಾಫ್ಕಿನ್‌ರನ್ನು ನೆನೆದು ನಾಲ್ಕು ಪ್ರಶ್ನೆ ಕೇಳೋಣ: ಹಾಕಿಸಿಕೊಂಡವರು ಎಷ್ಟು? ಹಾಕಿಸಿಕೊಳ್ಳದವರು ಎಷ್ಟು? ಅವರನ್ನು ಆರಿಸಿದ್ದು ಹೇಗೆ? ಎಣಿಸಿದವರು ಯಾರು? ಉತ್ತರ ಸಮರ್ಪಕವಾಗಿದ್ದರೆ ಹಿಂಜರಿಯದೆ ತೋಳು ಮುಂದೆ ಚಾಚೋಣ. ಹುಬ್ಬಳ್ಳಿಯ ನಮ್ಮ ಹಿರಿಯರು ಅಂದು ಹಾಗೆ ಚಾಚಿದ್ದರಿಂದಲೇ ಎಷ್ಟೋ ಮನೆಗಳಲ್ಲಿ ದೀಪ ಉಳಿಯಿತು.