ಪೀಠ ಬಿಟ್ಟಾಗಲೂ ನಗುನಗುತ್ತಿದ್ದ ಯಜಮಾನ: ಸಂತ ಥಾಮಸ್ ಮೋರ್

ಕೈತುಂಬ ಸಂಪಾದನೆ ಇರುವಾಗ ಸಂಸಾರ ನಡೆಸುವುದು ಅಷ್ಟೇನೂ ಕಷ್ಟವಲ್ಲ. ಕೆಲಸ ಹೋದಾಗ, ನಿವೃತ್ತಿಯಾದಾಗ, ನಿನ್ನೆಯವರೆಗೆ ನಮಸ್ಕರಿಸಿದವರು ಇಂದು ಮುಖ ತಿರುಗಿಸಿದಾಗ ಮನೆಯ ಬುನಾದಿ ಎಂಥದ್ದೆಂದು ತಿಳಿಯುತ್ತದೆ. ಪ್ರತಿವರ್ಷ ಜೂನ್ 22ರಂದು ಧರ್ಮಸಭೆ ಸ್ಮರಿಸುವ ಸಂತ ಥಾಮಸ್ ಮೋರ್ ಏರುಗಾಲವನ್ನೂ ಇಳಿಗಾಲವನ್ನೂ ಕಂಡವರು. ಅವರು ಮಠವಾಸಿಯಲ್ಲ, ಹೆಂಡತಿ, ಮಕ್ಕಳು, ಅಳಿಯಂದಿರು, ಆಳುಕಾಳುಗಳಿದ್ದ ಗೃಹಸ್ಥರು.

ಥಾಮಸ್ 1478ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ತಂದೆ ಜಾನ್ ಮೋರ್ ವಕೀಲರಾಗಿದ್ದು, ಮುಂದೆ ನ್ಯಾಯಾಧೀಶರಾದರು. ಆಕ್ಸ್‌ಫರ್ಡಿನಲ್ಲಿ ಓದಿ, ಬಳಿಕ ಕಾನೂನು ಕಲಿತ ಯುವಕ ಥಾಮಸ್‌ಗೆ ಸನ್ಯಾಸದ ಕಡೆಗೂ ಒಲವಿತ್ತು. ಕಾರ್ತೂಸಿಯನ್ ಮಠದ ನೆರಳಿನಲ್ಲಿ ಕೆಲವು ವರ್ಷ ಪ್ರಾರ್ಥನೆ, ಉಪವಾಸಗಳಲ್ಲಿ ಕಳೆದರು. ಕೊನೆಗೆ ದೇವರು ತಮ್ಮನ್ನು ಕರೆಯುತ್ತಿರುವುದು ಸಂಸಾರ ಜೀವನಕ್ಕೆ ಎಂದು ಮನಗಂಡು ಜೇನ್ ಕೋಲ್ಟ್ ಅವರನ್ನು ವಿವಾಹವಾದರು. ಮಾರ್ಗರೆಟ್, ಎಲಿಜಬೆತ್, ಸಿಸಿಲಿ, ಜಾನ್ ಎಂಬ ನಾಲ್ವರು ಮಕ್ಕಳು ಹುಟ್ಟಿದರು.

1511ರಲ್ಲಿ ಜೇನ್ ತೀರಿಕೊಂಡರು. ಪುಟ್ಟ ಮಕ್ಕಳಿಗೆ ತಾಯಿ ಬೇಕೆಂದು ಥಾಮಸ್ ಬೇಗನೆ ಆಲಿಸ್ ಎಂಬ ವಿಧವೆಯನ್ನು ಮದುವೆಯಾದರು. ಆಲಿಸ್ ಮಾತಿನಲ್ಲಿ ತುಸು ಒರಟು, ಆದರೆ ಮನೆವಾರ್ತೆಯಲ್ಲಿ ಗಟ್ಟಿಗಿತ್ತಿ. ಆಕೆಯ ಮಗಳನ್ನೂ ಒಬ್ಬ ಸಾಕುಮಗಳನ್ನೂ ಸ್ವಂತ ಮಕ್ಕಳಂತೆಯೇ ಬೆಳೆಸಿದರು. ಹೆಣ್ಣುಮಕ್ಕಳಿಗೆ ಓದು ಬೇಡವೆನ್ನುತ್ತಿದ್ದ ಕಾಲದಲ್ಲಿ ಅವರಿಗೂ ಮಗನಿಗೆ ಸಮನಾಗಿ ಲ್ಯಾಟಿನ್, ಗ್ರೀಕ್ ಕಲಿಸಿದರು. ಮನೆಮಂದಿಯೆಲ್ಲ ಕೂಡಿ ಪ್ರಾರ್ಥಿಸುತ್ತಿದ್ದರು. ಊಟದ ವೇಳೆ ಪವಿತ್ರ ಗ್ರಂಥದ ವಾಚನ ನಡೆಯುತ್ತಿತ್ತು.

ಇತ್ತ ಹುದ್ದೆಗಳು ಒಂದಾದ ಮೇಲೊಂದು ಬಂದವು. 1523ರಲ್ಲಿ ಸಂಸತ್ತಿನ ಸಭಾಧ್ಯಕ್ಷರಾದರು. 1529ರಲ್ಲಿ ಅರಸ ಎಂಟನೆಯ ಹೆನ್ರಿ ಅವರನ್ನು ನಾಡಿನ ಅತ್ಯುನ್ನತ ನ್ಯಾಯಪೀಠವಾದ ಲಾರ್ಡ್ ಛಾನ್ಸಲರ್ ಪದವಿಗೆ ಏರಿಸಿದನು. ಅಷ್ಟು ದೊಡ್ಡ ಪದವಿಯಲ್ಲಿದ್ದರೂ, ಪಕ್ಕದ ನ್ಯಾಯಾಲಯದಲ್ಲಿ ವೃದ್ಧ ತಂದೆ ಕುಳಿತಿದ್ದರೆ, ಎಲ್ಲರೆದುರು ಮಂಡಿಯೂರಿ ಅವರ ಆಶೀರ್ವಾದ ಬೇಡಿದ ಮೇಲೆಯೇ ತಮ್ಮ ಪೀಠಕ್ಕೆ ಹೋಗುತ್ತಿದ್ದರು. ಮಾವನ ನ್ಯಾಯಾಲಯವೆಂಬ ಸಲಿಗೆಯಿಂದ ಅಳಿಯನೊಬ್ಬ ರಾಜಿಗೆ ಒಪ್ಪದೆ ಹಟ ಹಿಡಿದಾಗ, ಅವನ ವಿರುದ್ಧವೇ ತೀರ್ಪು ಕೊಟ್ಟರು.

ಅದೇ ವರ್ಷ, ಅರಸನ ಕೆಲಸದ ಮೇಲೆ ಅವರು ಊರಿನಲ್ಲಿಲ್ಲದಾಗ, ಚೆಲ್ಸಿಯಲ್ಲಿದ್ದ ಅವರ ಕಣಜಗಳಿಗೆ ಬೆಂಕಿ ಬಿದ್ದು ದವಸವೆಲ್ಲ ಸುಟ್ಟುಹೋಯಿತು. ನೆರೆಯವರ ಕಣಜಗಳೂ ಉರಿದವು. ಸುದ್ದಿ ತಿಳಿದ ಥಾಮಸ್ ಆಲಿಸ್‌ಗೆ ಕಾಗದ ಬರೆದರು. ಕೊಟ್ಟವನೂ ದೇವರೇ, ತೆಗೆದುಕೊಂಡವನೂ ದೇವರೇ. ಆದ್ದರಿಂದ ಮನೆಮಂದಿಯನ್ನೆಲ್ಲ ದೇವಾಲಯಕ್ಕೆ ಕರೆದುಕೊಂಡು ಹೋಗಿ ವಂದನೆ ಸಲ್ಲಿಸು ಎಂದರು. ಬಡ ನೆರೆಯವರಿಗೆ ಎಷ್ಟು ನಷ್ಟವಾಗಿದೆಯೆಂದು ವಿಚಾರಿಸು, ನಮ್ಮಲ್ಲಿ ಒಂದು ಚಮಚವೂ ಉಳಿಯದಿದ್ದರೂ ಚಿಂತೆಯಿಲ್ಲ, ಅವರ ನಷ್ಟ ತುಂಬಿಕೊಡೋಣ ಎಂದರು. ಬೇರೆ ಆಸರೆ ಸಿಗುವ ತನಕ ಒಬ್ಬ ಆಳನ್ನೂ ಬಿಡಿಸಬೇಡ ಎಂದೂ ತಿಳಿಸಿದರು.

ಅವರಲ್ಲಿ ಕೊರತೆಗಳೇ ಇರಲಿಲ್ಲವೆಂದಲ್ಲ. ಧರ್ಮವಿರೋಧಿಗಳೆನಿಸಿದವರನ್ನು ಅಂದಿನ ಕಾನೂನಿನಂತೆ ಕಠಿಣವಾಗಿ ಶಿಕ್ಷಿಸಿದರು. ಅವರ ಅಧಿಕಾರದ ಕಾಲದಲ್ಲಿ ಕೆಲವರನ್ನು ಸುಡಲಾಯಿತು. ಈ ವಿಷಯದಲ್ಲಿ ಅವರೂ ತಮ್ಮ ಕಾಲದ ಮಿತಿಗಳಿಗೆ ಒಳಪಟ್ಟಿದ್ದರೆಂಬುದನ್ನು ಜಗದ್ಗುರು ಎರಡನೆಯ ಜಾನ್ ಪೌಲರು 2000ದಲ್ಲಿ ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸುವಾಗ ಮರೆಮಾಚಲಿಲ್ಲ.

ಅರಸ ಹೆನ್ರಿ ತನ್ನ ಧರ್ಮಪತ್ನಿ ಕ್ಯಾಥರೀನಳನ್ನು ತೊರೆದು ಆ್ಯನ್ ಬೊಲಿನ್‌ಳನ್ನು ವರಿಸಲು ಹೊರಟು, ಧರ್ಮಸಭೆಯನ್ನು ತನ್ನ ಅಂಕೆಗೆ ತೆಗೆದುಕೊಂಡಾಗ ಥಾಮಸ್ 1532ರ ಮೇ 16ರಂದು ಪದವಿ ಬಿಟ್ಟರು. ಬಳಿಕ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಲೆಕ್ಕ ಒಪ್ಪಿಸಿದರು. ವರ್ಷಕ್ಕೆ ನೂರು ಪೌಂಡಿಗಿಂತ ತುಸು ಹೆಚ್ಚು ಮಾತ್ರ ಉಳಿದಿತ್ತು. ಮುಂದೇನು ಮಾಡೋಣವೆಂದು ಕೇಳಿದಾಗ ಎಲ್ಲರೂ ಮೌನ. ಆಗ ಅವರೇ ದಾರಿ ತೋರಿದರು: ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದವರು ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಯೋಣ. ಮೊದಲು ವಕೀಲರ ಊಟ, ಅದಕ್ಕೂ ಆಗದಿದ್ದರೆ ಆಕ್ಸ್‌ಫರ್ಡಿನ ಬಡ ವಿದ್ಯಾರ್ಥಿಯ ಊಟ, ಅದಕ್ಕೂ ಗತಿಯಿಲ್ಲದಿದ್ದರೆ ಜೋಳಿಗೆ ಹಿಡಿದು, ಮಾತೆ ಮರಿಯಳ ಗೀತೆ ಹಾಡುತ್ತಾ, ಎಲ್ಲರೂ ಒಟ್ಟಾಗಿ ನಗುನಗುತ್ತಾ ಬೇಡೋಣ! ತಮ್ಮ ಸೇವಕರಿಗೆಲ್ಲ ಬೇರೆ ಕಡೆ ಕೆಲಸ ಹುಡುಕಿಕೊಟ್ಟರು.

1534ರ ಏಪ್ರಿಲ್‌ನಲ್ಲಿ, ಮನಸ್ಸಾಕ್ಷಿಗೆ ಒಪ್ಪದ ಪ್ರಮಾಣವಚನ ಸ್ವೀಕರಿಸಲು ನಿರಾಕರಿಸಿ, ಲಂಡನ್ ಗೋಪುರದ ಸೆರೆ ಸೇರಿದರು. ಮನೆಯವರಿಗೆ ಇದು ಸುಲಭವಾಗಿ ಅರ್ಥವಾಗಲಿಲ್ಲ. ಒಳ್ಳೆಯ ಮನೆ, ತೋಟ, ಪುಸ್ತಕ ಎಲ್ಲ ಇರುವಾಗ ಇಲಿಗಳ ನಡುವೆ ಏಕೆ ಕುಳಿತಿದ್ದೀರಿ ಎಂದು ಆಲಿಸ್ ಸಿಡುಕಿದರು. ಈ ಕೋಣೆಯೂ ಸ್ವರ್ಗಕ್ಕೆ ನಮ್ಮ ಮನೆಯಷ್ಟೇ ಹತ್ತಿರವಲ್ಲವೇ ಎಂದು ಥಾಮಸ್ ಕೇಳಿದರು. ಸೆರೆಯಲ್ಲಿ ಅವರ ಮತ್ತು ಒಬ್ಬ ಸೇವಕನ ಊಟಕ್ಕೆ ವಾರಕ್ಕೆ 15 ಷಿಲಿಂಗ್ ಕಟ್ಟಬೇಕಿತ್ತು. ಗಂಡನ ಹಟ ಒಪ್ಪದ ಅದೇ ಆಲಿಸ್ ತಮ್ಮ ಬಟ್ಟೆಗಳನ್ನು ಮಾರಿ ಆ ಹಣ ಹೊಂದಿಸಿದರು. ಪ್ರೀತಿಯ ಮಗಳು ಮಾರ್ಗರೆಟ್ ತಾನು ಪ್ರಮಾಣ ಸ್ವೀಕರಿಸಿ, ತಂದೆಯೂ ಸ್ವೀಕರಿಸುವಂತೆ ಬೇಡಿಕೊಂಡಳು. ಅವರು ಅವಳನ್ನು ದೂಷಿಸಲಿಲ್ಲ. ಅವರವರ ಮನಸ್ಸಾಕ್ಷಿ ಅವರವರದು; ಯಾರ ಮೇಲೂ ತಮ್ಮದನ್ನು ಹೇರಲಿಲ್ಲ, ಯಾರಿಗಾಗಿಯೂ ಅದನ್ನು ಬಿಟ್ಟುಕೊಡಲಿಲ್ಲ. ಮರಣದಂಡನೆ ವಿಧಿಸಿ ಕರೆತರುವಾಗ ಮಾರ್ಗರೆಟ್ ಕಾವಲುಗಾರರ ನಡುವೆ ನುಗ್ಗಿ ಬಂದು ತಂದೆಯನ್ನು ಅಪ್ಪಿಕೊಂಡಳು. 1535ರ ಜುಲೈ 6ರಂದು ಅವರ ಶಿರಚ್ಛೇದವಾಯಿತು. 1935ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸರು ಅವರಿಗೆ ಸಂತ ಪದವಿ ನೀಡಿದರು.

ಪ್ರಿಯ ತಂದೆತಾಯಂದಿರೇ, ಕಷ್ಟ ಬಂದಾಗ ನಾವು ಸಾಲವನ್ನು ಮುಚ್ಚಿಡುತ್ತೇವೆ, ಸಿಟ್ಟನ್ನು ಮಾತ್ರ ಮನೆಗೆ ತರುತ್ತೇವೆ. ಸಂತ ಥಾಮಸ್ ಲೆಕ್ಕವನ್ನು ಬಿಚ್ಚಿಟ್ಟರು, ನಗುವನ್ನು ಉಳಿಸಿಕೊಂಡರು. ಈ ವಾರ ಒಂದು ಸಂಜೆ, ಕುಟುಂಬ ಪ್ರಾರ್ಥನೆಯ ನಂತರ, ಮನೆಯ ನಿಜಸ್ಥಿತಿಯನ್ನು ಮಡದಿ ಮಕ್ಕಳೊಡನೆ ಕುಳಿತು ಮಾತನಾಡೋಣ. ಏರುವಾಗ ತಂದೆಯ ಮುಂದೆ ಬಾಗಿದ, ಇಳಿಯುವಾಗ ದೇವರ ಕೈಬಿಡದ ಈ ಗೃಹಸ್ಥ ಸಂತರು ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಲಿ.