ತಂತಿಯ ಲೆಕ್ಕ ಹೇಳಿದ ಲಾರ್ಡ್ ಕೆಲ್ವಿನ್



ಕಂಪ್ಯೂಟರಿನ ಚಿಪ್ಪಿನಾಗ ಕೂದಲಿಗಿಂತ ಎಷ್ಟೋ ಸಣ್ಣ ತಂತಿಗಳಿರುತ್ತವೆ. ಅವುಗಳಲ್ಲಿ ಸಂಕೇತ ಎಷ್ಟು ತಡವಾಗಿ ಮುಟ್ಟುತ್ತದೆ ಎಂದು ಚಿಪ್ ಮಾಡುವ ಮೊದಲೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ಬೇರು ಚಿಪ್ ಹುಟ್ಟುವ ನೂರು ವರ್ಷ ಮೊದಲಿನದು. ಅದನ್ನು ಹಾಕಿದವರ ಕತೆ ಹೇಳ್ತೀನಿ.

ವಿಲಿಯಂ ಥಾಮ್ಸನ್ 1824ರ ಜೂನ್ 26ರಂದು ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಹುಟ್ಟಿದರು. ಆರು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ತಂದೆ ಗಣಿತದ ಪ್ರಾಧ್ಯಾಪಕರು. ಹುಡುಗ 10ನೇ ವಯಸ್ಸಿಗೇ ಗ್ಲಾಸ್ಗೋ ವಿಶ್ವವಿದ್ಯಾಲಯ ಸೇರಿದ. (ನನಗ 13, ವರ್ಗಮೂಲ ಅಂದ್ರ ಈಗೂ ಅಂಜಿಕಿ!) 22ಕ್ಕೆ ಅಲ್ಲಿಯೇ ಪ್ರಾಧ್ಯಾಪಕರಾದರು.

ಆಗ ಸಮುದ್ರದ ತಳದಲ್ಲಿ ಕೇಬಲ್ ಹಾಸಿ ಐರ್ಲೆಂಡಿನಿಂದ ಅಮೆರಿಕದ ಕಡೆಗೆ ತಂತಿ ಸಂದೇಶ ಕಳಿಸುವ ಯೋಚನೆ ನಡೆದಿತ್ತು. ಕೇಬಲ್ಲಿನ ಉದ್ದ ಎರಡು ಪಟ್ಟಾದರೆ ತಡ ನಾಲ್ಕು ಪಟ್ಟಾಗುತ್ತದೆ ಎಂದು ಥಾಮ್ಸನ್ 1854-55ರಲ್ಲಿ ಲೆಕ್ಕ ಮಾಡಿ ತೋರಿಸಿದರು.

ಇದು ನನಗ ಮೊದಲು ತಿಳೀಲಿಲ್ಲ. ಆಮೇಲೆ ಕಬ್ಬಿಗೆ ನೀರು ಹಾಯಿಸೋದು ನೆನಪಾತು. ಒಣಗಿದ ಕಾಲುವೆಗೆ ನೀರು ಬಿಟ್ಟರೆ ದಾರಿಯ ನೆಲ ಕುಡಿದ ಮೇಲೇ ಮುಂದಕ್ಕ ಹೋಗತೈತಿ. ತಂತಿಯೂ ಹಂಗ. ಉದ್ದ ಎರಡು ಪಟ್ಟಾದರೆ ವಿದ್ಯುತ್ತಿಗೆ ಅಡ್ಡಿ ಎರಡು ಪಟ್ಟು, ದಾರಿಯಲ್ಲಿ ತುಂಬಿಸಬೇಕಾದ ವಿದ್ಯುತ್ತೂ ಎರಡು ಪಟ್ಟು. ಗುಣಿಸಿದರೆ ನಾಲ್ಕು.

ಒಳಗಿನ ತಾಮ್ರವೂ ಸುತ್ತಲಿನ ಹೊದಿಕೆಯೂ ದಪ್ಪ ಇರಬೇಕೆಂದು ಥಾಮ್ಸನ್ ಹೇಳಿದರು. ಕೇಬಲ್ ಕಂಪನಿಯ ವೈಟ್‌ಹೌಸ್ ಎಂಬುವರು ಈ ಲೆಕ್ಕವನ್ನೇ ಒಪ್ಪಲಿಲ್ಲ. ತೆಳ್ಳನೆಯ ಕೇಬಲ್ಲೇ ಸಮುದ್ರಕ್ಕೆ ಬಿತ್ತು. 1858ರ ಆಗಸ್ಟಿನಲ್ಲಿ ರಾಣಿ ವಿಕ್ಟೋರಿಯಾರ ನೂರು ಶಬ್ದದ ಒಳಗಿನ ಸಂದೇಶ ಹೋಗಲು 16 ತಾಸು ಹಿಡೀತು! ಜೋರಾಗಿ ಕಳಿಸಲು ವೈಟ್‌ಹೌಸ್ ಸುಮಾರು 2000 ವೋಲ್ಟ್ ಕೊಟ್ಟರು. ಮೊದಲೇ ದುರ್ಬಲವಾಗಿದ್ದ ಕೇಬಲ್ ಕೆಲವೇ ವಾರಗಳಲ್ಲಿ ಮೂಕವಾಯಿತು. ಅಷ್ಟೂ ರೊಕ್ಕ ನೀರುಪಾಲು. ನನಗ ಓದುವಾಗ ಭಾಳ ಸಿಟ್ಟು ಬಂತು, ಮೊದಲೇ ಹೇಳಿದ್ರಲ್ಲ!

ಥಾಮ್ಸನ್ ಮಾತ್ರ ಮುನಿಸಿಕೊಂಡು ಕೂಡಲಿಲ್ಲ. 1866ರಲ್ಲಿ ದಪ್ಪ ಕೇಬಲ್ ಹಾಸುವಾಗ ತಾವೇ ಹಡಗಿನಲ್ಲಿದ್ದರು. ಈ ಸಲ ಗೆದ್ದಿತು, ಸರ್ ಪದವಿ ಬಂತು. 1892ರಲ್ಲಿ ಲಾರ್ಡ್ ಆದಾಗ ಗ್ಲಾಸ್ಗೋದ ಕೆಲ್ವಿನ್ ಹೊಳೆಯ ಹೆಸರು ಇಟ್ಟುಕೊಂಡರು. ನಮ್ಮ ಕಡೆಯವರಾಗಿದ್ದರೆ ಲಾರ್ಡ್ ಘಟಪ್ರಭಾ ಆಗತಿದ್ರು ಅಂತ ನನ್ನ ಗೆಳತಿ ನಕ್ಕಳು. 1907ರ ಡಿಸೆಂಬರ್ 17ರಂದು ತೀರಿಕೊಂಡರು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿತು. ಅಲ್ಲೀಗ ಚಿಪ್ ವಿನ್ಯಾಸ ಮಾಡುವವರು ಬಹಳ. ಚಿಪ್ಪಿನ ತಂತಿ ಉದ್ದವಾದರೆ ನಡುವೆ ಕತ್ತರಿಸಿ, ಸಂಕೇತಕ್ಕೆ ಹೊಸ ಬಲ ಕೊಡುವ ಪುಟ್ಟ ಸರ್ಕ್ಯೂಟ್ ಇಡುತ್ತಾರೆ. ಅದರದೂ ಸ್ವಲ್ಪ ತಡ ಇರತೈತಿ. ಆದರೂ ಅರ್ಧ ತಂತಿಗೆ ಕಾಲು ಭಾಗ ತಡ, ಎರಡು ಅರ್ಧ ಸೇರಿದರೆ ಅರ್ಧ. ನಂಬಿಕಿ ಬರದಿದ್ರ ಪಾಟಿ ಮ್ಯಾಲ ಮಾಡಿ ನೋಡ್ರಿ.

– 7ನೇ ಇಯತ್ತೆ, ಅನಗವಾಡಿ