ಥಿಯೊಡೋರ್ ಫ್ಲೀಡ್ನರ್ ಬೋಧಕರು: ಸೆರೆಯಿಂದ ಬಿಡುಗಡೆಯಾದವರ ಮಿತ್ರರು

ಒಬ್ಬನು ಕಳವು ಮಾಡಿ ಸೆರೆಮನೆಗೆ ಹೋದನೆಂದರೆ ಊರಿನವರೆಲ್ಲರೂ ಅದನ್ನು ಕುರಿತು ಮಾತಾಡುತ್ತಾರೆ. ಅವನು ಶಿಕ್ಷೆಯನ್ನು ತೀರಿಸಿಕೊಂಡು ಹೊರಗೆ ಬಂದ ದಿನ ಎಲ್ಲಿ ಉಂಡನು, ಎಲ್ಲಿ ಮಲಗಿದನು ಎಂದು ವಿಚಾರಿಸುವವರು ಬಹಳ ಕಡಿಮೆ. ಆದರೂ ಆ ಒಂದು ರಾತ್ರಿಯ ಮೇಲೆ ಅವನ ಮುಂದಿನ ಬಾಳೆಲ್ಲಾ ನಿಂತಿರುವದುಂಟು. ಇದನ್ನು ಚೆನ್ನಾಗಿ ಗ್ರಹಿಸಿ, ತಮ್ಮ ತೋಟದಲ್ಲಿದ್ದ ಒಂದು ಚಿಕ್ಕ ಮನೆಯ ಬಾಗಿಲನ್ನು ಅಂಥವರಿಗೆ ತೆರೆದ ಜರ್ಮನಿ ದೇಶದ ಥಿಯೊಡೋರ್ ಫ್ಲೀಡ್ನರ್ ಬೋಧಕರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಫ್ಲೀಡ್ನರರು ೧೮೦೦ನೆಯ ಇಸವಿ ಜನವರಿ ೨೧ರಂದು ಎಪ್‌ಸ್ಟೈನ್ ಎಂಬ ಊರಿನಲ್ಲಿ ಹುಟ್ಟಿದರು. ಅವರ ತಂದೆ ಅಲ್ಲಿಯ ಬೋಧಕರು. ಅವರು ೧೮೧೩ರಲ್ಲಿ ತೀರಿಹೋಗಲು, ವಿಧವೆಯೂ ಮಕ್ಕಳೂ ಬಡತನಕ್ಕೆ ಬಿದ್ದರು. ಪರರ ಸಹಾಯದಿಂದ ವೇದಶಾಸ್ತ್ರಾಭ್ಯಾಸವನ್ನು ಮುಗಿಸಿದ ಥಿಯೊಡೋರರು ೧೮೨೨ರಲ್ಲಿ ರೈನ್ ನದಿಯ ದಡದಲ್ಲಿರುವ ಕೈಸರ್ಸ್‌ವೆರ್ತ್ ಎಂಬ ಸಣ್ಣ ಪಟ್ಟಣದ ಸಭಾಪಾಲಕರಾದರು. ಆ ಪಟ್ಟಣದಲ್ಲಿ ರೋಮನ್ ಕಥೋಲಿಕರೇ ಹೆಚ್ಚು. ಪ್ರೊಟೆಸ್ಟಂಟ್ ಸಭೆಯು ಬಹು ಚಿಕ್ಕದು. ಅದು ಒಂದು ಮಖಮಲ್ ಕಾರ್ಖಾನೆಯನ್ನು ನಂಬಿಕೊಂಡಿತ್ತು. ಬೋಧಕರು ಬಂದ ಸ್ವಲ್ಪ ಕಾಲದಲ್ಲಿಯೇ ಆ ಕಾರ್ಖಾನೆಯು ದಿವಾಳಿಯೆದ್ದಿತು. ಸಭೆಗೆ ತನ್ನ ಬೋಧಕರನ್ನು ಸಾಕುವ ಶಕ್ತಿಯೂ ಇಲ್ಲದೆ ಹೋಯಿತು. ಬೇರೆ ಕಡೆಗೆ ಹೋಗಿ ಸುಖವಾಗಿರುವದಕ್ಕೆ ಅವರಿಗೆ ಅವಕಾಶವಿತ್ತು. ಆದರೆ ಅವರು ಬಡ ಮಂದೆಯನ್ನು ಬಿಡಲೊಲ್ಲದೆ, ಸಭೆಗಾಗಿ ಹಣ ಕೂಡಿಸಲು ಹೊಲಾಂಡಿಗೂ ಇಂಗ್ಲೆಂಡಿಗೂ ಹೊರಟರು.

ಈ ಪ್ರಯಾಣದಲ್ಲಿ ಅವರಿಗೆ ಹಣವು ದೊರೆತದ್ದಲ್ಲದೆ, ಹುಡುಕದೆ ಇದ್ದ ಇನ್ನೊಂದು ಸಂಗತಿಯೂ ದೊರೆಯಿತು. ಲಂಡನಿನ ನ್ಯೂಗೇಟ್ ಸೆರೆಮನೆಯಲ್ಲಿ ಎಲಿಜಬೆತ್ ಫ್ರೈ ಎಂಬ ಕುಲೀನ ಸ್ತ್ರೀಯು ೧೮೧೭ರಲ್ಲಿ ಒಂದು ಸಂಘವನ್ನು ಏರ್ಪಡಿಸಿ, ಸೆರೆಯ ಹೆಂಗಸರಿಗೆ ಓದನ್ನೂ ಹೊಲಿಗೆಯನ್ನೂ ಕಲಿಸಿ, ಸತ್ಯವೇದವನ್ನು ಓದಿ ಹೇಳುವ ಕೆಲಸವನ್ನು ನಡಿಸುತ್ತಿದ್ದರು. ಇದನ್ನು ತಿಳಿದ ಫ್ಲೀಡ್ನರರಿಗೆ ತಮ್ಮ ಸ್ವದೇಶದ ಸೆರೆಮನೆಗಳ ನೆನಪಾಯಿತು. ಅಲ್ಲಿ ಎಳೆಯರನ್ನೂ ಹಳೇ ಕಳ್ಳರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಕೈಗೆ ಕೆಲಸವಿಲ್ಲ, ಬುದ್ಧಿಗೆ ಬೋಧನೆಯಿಲ್ಲ. ಚಿಕ್ಕ ತಪ್ಪು ಮಾಡಿ ಒಳಗೆ ಹೋದವನು ದೊಡ್ಡ ತಪ್ಪುಗಳನ್ನು ಕಲಿತು ಹೊರಗೆ ಬರುತ್ತಿದ್ದನು.

ಊರಿಗೆ ತಿರಿಗಿ ಬಂದ ಮೇಲೆ ಅವರು ಸುಮ್ಮನಿರಲಿಲ್ಲ. ಬಂದಿಗಳ ಸ್ಥಿತಿಯನ್ನು ಸ್ವತಃ ತಿಳಿಯಬೇಕೆಂದು, ಕೆಲವು ಕಾಲ ತಮ್ಮನ್ನೂ ಡ್ಯೂಸೆಲ್‌ಡೋರ್ಫಿನ ಸೆರೆಮನೆಯಲ್ಲಿ ಇಡಬೇಕೆಂದು ಅಧಿಕಾರಿಗಳನ್ನು ಬೇಡಿಕೊಂಡರು. ಅದಕ್ಕೆ ಅಪ್ಪಣೆಯಾಗಲಿಲ್ಲ, ಬಂದಿಗಳಿಗೆ ಬೋಧಿಸುವದಕ್ಕೆ ಮಾತ್ರ ಅಪ್ಪಣೆ ಸಿಕ್ಕಿತು. ೧೮೨೫ರಿಂದ ಎರಡು ವಾರಗಳಿಗೊಮ್ಮೆ ಆದಿತ್ಯವಾರದಲ್ಲಿ, ತಮ್ಮ ಸಭೆಯ ಆರಾಧನೆಯನ್ನು ತೀರಿಸಿ, ಸುಮಾರು ೬ ಮೈಲು ನಡೆದು ಆ ಸೆರೆಮನೆಗೆ ಹೋಗುತ್ತಿದ್ದರು. ೧೮೨೬ರಲ್ಲಿ ಅವರ ಪ್ರಯತ್ನದಿಂದ ರೈನ್ ಮತ್ತು ವೆಸ್ಟ್‌ಫಾಲಿಯಾ ಸೀಮೆಗಳ ಸೆರೆಮನೆ ಸಂಘವು ಹುಟ್ಟಿತು. ಬಂದಿಗಳಿಗೆ ಬೋಧಕರನ್ನೂ ಉಪಾಧ್ಯಾಯರನ್ನೂ ಒದಗಿಸುವದು, ಅವರಿಗೆ ಕೆಲಸ ಕೊಡಿಸುವದು, ಬಿಡುಗಡೆಯಾದವರನ್ನು ಪರಾಮರಿಸುವದು, ಇವೇ ಅದರ ಉದ್ದೇಶಗಳು.

ಈ ಕಡೆಯ ಉದ್ದೇಶವೇ ಎಲ್ಲಕ್ಕಿಂತ ಕಠಿಣವಾಗಿ ಕಂಡಿತು. ಬೋಧನೆಯನ್ನು ಕೇಳಿ ಕಣ್ಣೀರಿಟ್ಟು, ಇನ್ನು ಮೇಲೆ ನೆಟ್ಟಗೆ ನಡೆಯುವೆನೆಂದು ನಿಶ್ಚಯಿಸಿಕೊಂಡ ಹೆಂಗಸು ಬಿಡುಗಡೆಯ ದಿನ ಬೀದಿಯಲ್ಲಿ ನಿಲ್ಲುತ್ತಿದ್ದಳು. ತವರಿನವರು ಸೇರಿಸರು, ಚಾಕರಿಗೆ ಇಟ್ಟುಕೊಳ್ಳುವ ಮನೆಯಿಲ್ಲ. ಬಾ ಎಂದು ಕರೆಯುವವರು ಹಳೇ ಕೆಟ್ಟ ಜೊತೆಗಾರರು ಮಾತ್ರವೇ. ಹೀಗೆ ಹಸಿವೆಯೂ ನಾಚಿಕೆಯೂ ಕೂಡಿ ಅವಳನ್ನು ಪುನಃ ಸೆರೆಮನೆಗೆ ನೂಕುತ್ತಿದ್ದವು. ಒಳಗೆ ಬಿತ್ತಿದ ಬೀಜವು ಹೊರಗೆ ಒಣಗಿಹೋಗುವದನ್ನು ಫ್ಲೀಡ್ನರರು ಕಂಡರು.

ಅವರು ೧೮೨೮ರಲ್ಲಿ ಫ್ರೀಡೆರಿಕೆ ಮ್ಯೂನ್‌ಸ್ಟರ್ ಎಂಬಾಕೆಯನ್ನು ಮದುವೆಯಾಗಿದ್ದರು. ದಿಕ್ಕಿಲ್ಲದ ಮಕ್ಕಳ ಆಶ್ರಮದಲ್ಲಿ ದುಡಿದಿದ್ದ ಆ ತಾಯಿಯು ಗಂಡನ ಭಾರವನ್ನು ತನ್ನದಾಗಿ ಹೊತ್ತುಕೊಂಡಳು. ಬಿಡುಗಡೆಯಾದ ಹೆಂಗಸರಿಗಾಗಿ ಒಂದು ಆಶ್ರಯಮನೆಯನ್ನು ತೆರೆಯಬೇಕೆಂದು ದಂಪತಿಗಳು ಯೋಚಿಸುತ್ತಿರುವಾಗಲೇ, ೧೮೩೩ನೆಯ ಇಸವಿ ಸೆಪ್ಟೆಂಬರ್ ೧೭ರಂದು ಮಿನ್ನಾ ಎಂಬ ಹೆಂಗಸು ಸೆರೆಯಿಂದ ಬಿಡುಗಡೆಯಾಗಿ ಅವರ ಬಾಗಿಲಿಗೆ ಬಂದಳು. ಮನೆಯಿನ್ನೂ ಸಿದ್ಧವಾಗಿರಲಿಲ್ಲ. ನಾಳೆ ಬಾ ಎಂದು ಹೇಳಿದ್ದರೆ ಅವಳು ಎಲ್ಲಿಗೆ ಹೋಗುತ್ತಿದ್ದಳೋ ದೇವರೇ ಬಲ್ಲನು. ಬೋಧಕರ ತೋಟದಲ್ಲಿ ಸುಮಾರು ೧೨ ಅಡಿ ಚೌಕದ ಒಂದು ಸಣ್ಣ ಮನೆಯಿತ್ತು. ಅದರಲ್ಲಿ ಅವಳಿಗೆ ಇಂಬು ಕೊಟ್ಟರು. ರಾತ್ರಿಯಾದರೆ ಅವಳು ಏಣಿ ಹತ್ತಿ ಅದರ ಅಟ್ಟದಲ್ಲಿ ಮಲಗುವಳು. ಚಿಕ್ಕ ಮಕ್ಕಳಿರುವ ಮನೆಯ ಅಂಗಳದೊಳಗೆ ಸೆರೆಯಿಂದ ಬಂದವಳನ್ನು ಸೇರಿಸುವದು ಸುಲಭವಾದ ಕೆಲಸವೋ? ವಾಚಕರು ಯೋಚಿಸಿ ನೋಡಲಿ.

ಬೇಗನೆ ಇನ್ನೊಬ್ಬಳು ಬಂದಳು. ಆಮೇಲೆ ಮತ್ತೆ ಕೆಲವರು. ಫ್ರೀಡೆರಿಕೆಯ ಗೆಳತಿಯಾದ ಕಾಥರಿನಾ ಗ್ಯೋಬೆಲ್ ಅವರ ಮೇಲ್ವಿಚಾರಣೆಗೆ ನಿಂತಳು. ಸ್ಥಳ ಸಾಲದೆ ಬೇರೊಂದು ಮನೆಯನ್ನು ಹಿಡಿದರು. ಅಲ್ಲಿ ಸುಮ್ಮನೆ ಕೂಳು ಹಾಕುವ ಪದ್ಧತಿಯಿರಲಿಲ್ಲ. ಹೊಲಿಗೆ, ನೂಲುವದು, ಒಗೆತ, ಅಡಿಗೆ, ತೋಟದ ಕೆಲಸ, ಇವುಗಳಲ್ಲಿ ಅವರನ್ನು ಪಳಗಿಸಿ, ನಂಬಿಕೆಗೆ ಯೋಗ್ಯರೆಂದು ಕಂಡಾಗ ಸಜ್ಜನರ ಮನೆಗಳಲ್ಲಿ ಚಾಕರಿಗೆ ಇಡುತ್ತಿದ್ದರು. ಬಂದವರೆಲ್ಲರೂ ತಿದ್ದಿಕೊಂಡರೆಂದು ನಾವು ಹೇಳುವದಿಲ್ಲ. ಹಳೇ ದಾರಿಗೆ ತಿರುಗಿದವರೂ ಉಂಟು. ಆದರೂ ಒಬ್ಬಳು ಮೋಸಮಾಡಿದಳೆಂದು ಮುಂದೆ ಬರುವವಳಿಗೆ ಬಾಗಿಲು ಮುಚ್ಚಲಿಲ್ಲ.

ಆ ಚಿಕ್ಕ ಮನೆಯಿಂದ ಮಹಾ ಕಾರ್ಯಗಳು ಬೆಳೆದವು. ೧೮೩೬ರಲ್ಲಿ ಫ್ಲೀಡ್ನರರು ರೋಗಿಗಳ ಆರೈಕೆಗಾಗಿ ಸಭಾಸೇವಕಿಯರ ಮನೆಯನ್ನು ಸ್ಥಾಪಿಸಿದರು. ೧೮೪೦ರಲ್ಲಿ ಎಲಿಜಬೆತ್ ಫ್ರೈ ತಾನೇ ಕೈಸರ್ಸ್‌ವೆರ್ತಿಗೆ ಬಂದು ಇದನ್ನು ನೋಡಿದರು. ೧೮೫೧ರಲ್ಲಿ ಫ್ಲೋರೆನ್ಸ್ ನೈಟಿಂಗೇಲ್ ಕೆಲವು ತಿಂಗಳು ಅಲ್ಲಿ ಶಿಕ್ಷಣ ಪಡೆದರು. ಫ್ರೀಡೆರಿಕೆಯು ೧೮೪೨ರಲ್ಲಿ ತೀರಿಹೋದಳು. ಮರುವರ್ಷ ಮದುವೆಯಾದ ಕರೋಲಿನೆ ಬೆರ್ಟೋ ಎಂಬಾಕೆಯು ಅದೇ ಸೇವೆಯನ್ನು ಮುಂದುವರಿಸಿದಳು. ಫ್ಲೀಡ್ನರರು ೧೮೬೪ನೆಯ ಇಸವಿ ಅಕ್ಟೋಬರ್ ೪ರಂದು ನಿದ್ರೆಹೋಗುವಾಗ ಕೈಸರ್ಸ್‌ವೆರ್ತಿನ ಸಭಾಸೇವಕಿಯರು ೪೦೦ಕ್ಕಿಂತ ಹೆಚ್ಚಾಗಿದ್ದರು. ಆ ತೋಟದ ಮನೆಯನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ನಮ್ಮ ಹಳ್ಳಿಗಳಿಗೂ ಒಂದು ದಿನ ಒಬ್ಬನು ಸೆರೆಯಿಂದ ತಿರಿಗಿ ಬರುವನು. ನ್ಯಾಯಾಧಿಪತಿಯು ವಿಧಿಸಿದ ಶಿಕ್ಷೆಗೆ ಒಂದು ಅವಧಿಯುಂಟು. ಊರಿನವರು ವಿಧಿಸುವ ಶಿಕ್ಷೆಗೆ ಅವಧಿಯಿಲ್ಲ. ಬಾವಿಕಟ್ಟೆಯ ಪಿಸುಮಾತು, ಕೂಲಿಗೆ ಕರೆಯದ ಮುಂಜಾನೆ, ಆರಾಧನೆಯಲ್ಲಿ ಅವನಿಂದ ದೂರ ಸರಿಯುವ ನೆರೆಯವನು, ಇವೂ ಒಂದು ಸೆರೆಮನೆಯ ಗೋಡೆಗಳೇ. ಓಡಿಹೋಗಿದ್ದ ಒನೇಸಿಮನನ್ನು ಅಪೊಸ್ತಲನು ಫಿಲೆಮೋನನ ಬಳಿಗೆ ಕಳುಹಿಸಿದಾಗ, ಅವನನ್ನು ಸಹೋದರನಂತೆ ಸೇರಿಸಿಕೊಳ್ಳುವ ಭಾರವು ಮನೆಯ ಯಜಮಾನನ ಮೇಲೆ ಬಿತ್ತಲ್ಲವೇ? ದೊಡ್ಡ ಆಶ್ರಮವನ್ನು ಕಟ್ಟುವ ಶಕ್ತಿ ನಮಗಿಲ್ಲದಿರಬಹುದು. ಅವನು ಒಳಗಿರುವಾಗ ಅವನ ಹೆಂಡತಿಮಕ್ಕಳನ್ನು ವಿಚಾರಿಸುವದು, ಬಿಡುಗಡೆಯ ದಿನ ಒಬ್ಬರು ಎದುರುಗೊಳ್ಳುವದು, ಒಂದು ಊಟ, ಒಂದು ಚಾಪೆ, ಮರುದಿನಕ್ಕೆ ಒಂದು ಕೂಲಿ, ಇಷ್ಟು ಯಾವ ಬಡ ಸಭೆಗೂ ಸಾಧ್ಯವುಂಟು. ಫ್ಲೀಡ್ನರರಿಗೂ ಮೊದಲಲ್ಲಿ ಇದ್ದದ್ದು ೧೨ ಅಡಿಯ ಸ್ಥಳವೇ.